ಅಪ್ಪನ ಗೆರೆಗೆ ಮುಳ್ಳು ತಂದದ್ದು

ವಿಜಯದಶಮಿಯ ಮರುದಿನ, 2022ರ ಅಕ್ಟೋಬರ್ 6, ಗುರುವಾರ. ಬೆಳಗ್ಗೆ ಹನ್ನೊಂದರ ಟೀಗೆ ನಮ್ಮ ಕಚೇರಿಯ ಐದೂ ಜನ ಒಂದೇ ಟೇಬಲ್ಲಿಗೆ ಬಂದೆವು. ದಿನಾ ಹಂಗಾಗುವುದಿಲ್ಲ, ಒಬ್ಬರಾದರೂ ಕೌಂಟರಿನಲ್ಲಿ ಇರಬೇಕು. ಹಬ್ಬ ಮುಗಿದ ಮಾರನೇ ದಿನವಾದ್ದರಿಂದ ಜನ ಇರಲಿಲ್ಲ. ಬನ್ನಿ ಎಲೆ ಕೈಯಿಂದ ಕೈಗೆ ಹೋಯಿತು, "ಬನ್ನಿ ತಗೊಂಡು ಬಂಗಾರದಂಗೆ ಇರೋಣ" ಅಂದುಕೊಂಡೆವು, ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಿದೆವು. ರಜೆಯಲ್ಲಿ ಯಾರ್ಯಾರು ಏನೇನು ಮಾಡಿದಿರಿ ಅನ್ನೋ ಮಾತು ಆಗ ಶುರುವಾಯಿತು.

ಹಿರಿಯೂರು ಕಡೆಯ ಕ್ಯಾಷಿಯರ್ ಸರ್ ಮನೆಯವರನ್ನೆಲ್ಲ ಕರಕೊಂಡು ಮಾರಿಕಣಿವೆಗೆ ಹೋಗಿದ್ದರಂತೆ. ಅಲ್ಲಿನ ವಾಣಿವಿಲಾಸ ಸಾಗರ ಸೆಪ್ಟೆಂಬರ್ ಶುರುವಿನಲ್ಲಿ ಕೋಡಿ ಬಿದ್ದಿತ್ತಲ್ಲ, 1933 ಆದಮೇಲೆ ಮೊದಲ ಸಲ, 89 ವರ್ಷಕ್ಕೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ತುಂಬಿ ಹರಿದದ್ದನ್ನು ಅವರ ಮನೆಯಲ್ಲಿ ಕಣ್ಣಾರೆ ಕಂಡವರು ತಾತ ಒಬ್ಬರೇ, ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸರ್ ಫೋನಿನಲ್ಲಿ ಹಿಡಿದ ವಿಡಿಯೋ ಹಚ್ಚಿದರು. ಅದರಲ್ಲಿ ನೀರಿನ ಸದ್ದು ಬಿಟ್ಟು ಇನ್ನೇನೂ ಕೇಳುವುದಿಲ್ಲ, ಒಂದೇ ಸಮ ಭೋರ್ ಅನ್ನುತ್ತದೆ. ಹಿಂದಿನ ಸಂಜೆಯಷ್ಟೇ ಅಂಥದೇ ಒಂದು ಸದ್ದಿಗೆ ನನ್ನ ಕಣ್ಣು ತುಂಬಿ ಬಂದಿತ್ತು.

ಹೊಸದಾಗಿ ಸೇರಿದ ಹುಡುಗ ಗೆಳೆಯರ ಜೊತೆ ಚಿತ್ರದುರ್ಗದ ಕೋಟೆ ಹತ್ತಿ ಬಂದಿದ್ದ, ಓಬವ್ವನ ಕಿಂಡಿ ಮುಂದೆ ನಿಂತ ಫೋಟೋ ತೋರಿಸಿದ. ಡಿಸ್ಪ್ಯಾಚ್ ನೋಡಿಕೊಳ್ಳುವ ಅಕ್ಕನದು ಜಗಳೂರು ತಾಲ್ಲೂಕು. ಅವರ ಐದೂ ದಿನ ಮೆಕ್ಕೆಜೋಳಕ್ಕೆ ಹೋಯಿತು. ಬಿಸಿಲು ಬಂದರೆ ರಸ್ತೆ ಮೇಲೆ ಹರವುವುದು, ಮೋಡ ಕಂಡರೆ ಬಳಿದು ರಾಶಿ ಮಾಡಿ ತಾಡಪಾಲು ಮುಚ್ಚುವುದು, ಹನಿ ನಿಂತರೆ ಮತ್ತೆ ಹರವುವುದು. ಹಸ್ತ ಮಳೆ ಅವರನ್ನು ಕೂರಲು ಬಿಟ್ಟಿರಲಿಲ್ಲ. "ಹಸಿ ಐತಂದ್ರೆ ಮಂಡಿಯಾಗೆ ರೇಟು ಮುರೀತಾರವ್ವಾ" ಅಂದರು. ಅಂಗೈ ಸಿಪ್ಪೆ ಎದ್ದಿತ್ತು. ಮೊಳಕಾಲ್ಮೂರಿನ ಮೇಡಂ ತವರಿಗೆ ಹೋಗಿದ್ದರು. ಅಣ್ಣನ ಮನೆಯಲ್ಲಿ ಇವತ್ತಿಗೂ ಎರಡು ಕೈಮಗ್ಗ ನಡೆಯುತ್ತವೆ. ಹಬ್ಬಕ್ಕೆ ಮಗ್ಗ ನಿಂತಿತ್ತು, ಪೂಜೆ ಮಾಡಿ, ಅತ್ತಿಗೆಯ ಜೊತೆ ಕೂತು ನೂಲು ಸುತ್ತಿಕೊಟ್ಟು ಬಂದೆ ಅಂದರು.

"ನೀನೇನು ಮಾಡಿದೆವ್ವಾ?" ಅಂತ ಅಕ್ಕ ನನ್ನ ಕಡೆ ತಿರುಗಿದರು.

"ಅಪ್ಪನ ರೇಡಿಯೋ ರಿಪೇರಿ ಮಾಡಿದೆ. ಮಾತಾಡ್ತೈತೆ. ಮುಳ್ಳೊಂದು ಓಡ್ತಿಲ್ಲ, ದಾರ ಬೇಕು" ಅಂದೆ. ಟೀ ಮುಗಿಯುವುದರೊಳಗೆ ಹೇಳಲು ಆದದ್ದು ಅಷ್ಟೇ. ಪೂರ್ತಿ ಇಲ್ಲಿ ಬರೆದಿದ್ದೇನೆ. ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆ ಇಟ್ಟುಕೊಂಡವರು ದಾವಣಗೆರೆಯಲ್ಲಿ ಇನ್ನೂ ಬಹಳ ಜನ ಇದ್ದಾರೆ, ಅವರ ಉಪಯೋಗಕ್ಕೆ.

ಅಕ್ಟೋಬರ್ 1, ಶನಿವಾರ

ಆಯುಧಪೂಜೆಗೆ ಮನೆ ಸಾರಿಸಿ ಒರೆಸುವಾಗ ಅಟ್ಟದಿಂದ ಇಳಿಸಿದೆ. ಮರದ ಪೆಟ್ಟಿಗೆ, ಮೂರು ಬ್ಯಾಂಡು: ಒಂದು ಮೀಡಿಯಂ ವೇವ್, ಎರಡು ಶಾರ್ಟ್ ವೇವ್. ಮುಂದಿದ್ದ ಕಂಪನಿಯ ಹೆಸರಿನ ಫಲಕ ಯಾವತ್ತೋ ಬಿದ್ದುಹೋಗಿದೆ. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು, ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. 1979ರಲ್ಲಿ ಬೋನಸ್ ಬಂದಾಗ ತಂದದ್ದು. ಆಗ ರೇಡಿಯೋಕ್ಕೂ ಲೈಸೆನ್ಸ್ ಇತ್ತು, ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. ಆ ಪುಸ್ತಕ ಅವ್ವನ ಟ್ರಂಕಿನಲ್ಲಿ ಈಗಲೂ ಇದೆ.

ಡೈಲಿನ ಗಾಜಿನ ಮೇಲೆ ಅಪ್ಪ ಬ್ಲೇಡಿನಿಂದ ಎಳೆದ ಒಂದು ಸಣ್ಣ ಗೆರೆ ಇದೆ, ಅಕ್ಕಿಕಾಳಿನ ಉದ್ದದ್ದು. ಅದು ಭದ್ರಾವತಿ ಆಕಾಶವಾಣಿಯ ಜಾಗ. ನಮ್ಮ ಮನೆಯಲ್ಲಿ ಮುಳ್ಳು ಆ ಗೆರೆ ಬಿಟ್ಟು ಆಚೀಚೆ ಹೋಗುತ್ತಿದ್ದದ್ದೇ ಕಡಿಮೆ. ಬೆಳಗಿನ ಪ್ರದೇಶ ಸಮಾಚಾರ ಮುಗಿಯುವುದಕ್ಕೂ ಅಪ್ಪ ಚಪ್ಪಲಿ ಮೆಟ್ಟುವುದಕ್ಕೂ ಸರಿ ಹೋಗುತ್ತಿತ್ತು.

ಆಸೆ ತಡೆಯದೆ ಒಂದು ತಪ್ಪು ಮಾಡಿದೆ. ಹಿಂದಿನ ಮುಚ್ಚಳ ತೆಗೆಯುವುದಕ್ಕೂ ಮೊದಲು ಸ್ಟೇಷನ್ ಹಿಡಿಯುವ ಗುಂಡಿ ತಿರುಗಿಸಿದೆ. ಟಪ್ ಅಂತ ಒಂದು ಸದ್ದು, ಗುಂಡಿ ಹಗುರಾಯಿತು, ಮುಳ್ಳು ಒಂದು ಕಡೆ ವಾಲಿ ನಿಂತಿತು. ಗುಂಡಿ ತಿರುಗಿಸಿದಾಗ ಮುಳ್ಳನ್ನು ಓಡಿಸುವ ಒಳಗಿನ ಡೈಲ್ ದಾರ ನಲವತ್ತು ವರ್ಷಕ್ಕೆ ಲಡ್ಡಾಗಿತ್ತು. ಹಳೇ ರೇಡಿಯೋ ಕೈಗೆ ಬಂದರೆ ಮೊದಲು ಹಿಂಬದಿ ತೆಗೆದು, ದಾರ ಯಾವ ಗಾಲಿಯಿಂದ ಯಾವ ಗಾಲಿಗೆ ಹೇಗೆ ಹೋಗಿದೆ ಅಂತ ಫೋಟೋ ತೆಗೆದಿಡಿ. ನನ್ನ ಹತ್ತಿರ ಆ ಫೋಟೋ ಇಲ್ಲದ್ದರಿಂದ ಮುಂದೆ ಒಂದು ಮಧ್ಯಾಹ್ನವೇ ಹೋಯಿತು.

ಒಳಗೆ ನೋಡಿದರೆ ಸೆಲ್ ಡಬ್ಬಿಯಲ್ಲಿ ನಾಲ್ಕು ದೊಡ್ಡ ಸೆಲ್ ಹಾಗೇ ಉಳಿದು, ಸೋರಿ, ಸ್ಪ್ರಿಂಗುಗಳನ್ನು ತಿಂದು ಹಾಕಿದ್ದವು. ಇಂಥ ಹಳೇ ಸೆಲ್ಲಿನಿಂದ ಸೋರುವುದು ಹುಳಿ ಗುಣದ್ದು. ಹಾಗಾಗಿ ಅದಕ್ಕೆ ನಿಂಬೆಹಣ್ಣು ತಿಕ್ಕಬಾರದು, ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಚ್ಚಬೇಕು. ನೊರೆ ಎದ್ದು ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟೆ. ಸ್ಪ್ರಿಂಗುಗಳು ಉಳಿಯಲಿಲ್ಲ, ಕೆಟ್ಟ ಟಾರ್ಚ್ ಒಂದರಿಂದ ಕಿತ್ತು ಹಾಕಿದೆ. ಒಳಗೆ ಕಾಯಿಲ್ ಇರುವ ಪುಟ್ಟ ಲೋಹದ ಡಬ್ಬಿಯೊಂದರ (ಐ.ಎಫ್. ಡಬ್ಬಿ ಅನ್ನುತ್ತಾರೆ) ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಬಿಡಿಸಿ, ಬಣ್ಣ ಹೊಡೆಯುವ ಬ್ರಷ್ಷಿನಿಂದ ಧೂಳು ಕೊಡವಿದೆ. ಸ್ಪೀಕರಿನ ಕಾಗದ ಒಂದು ಕಡೆ ಬೆರಳಗಲ ಹರಿದಿತ್ತು, ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಎರಡೂ ಕಡೆ ಅಂಟಿಸಿದೆ.

ಅಕ್ಟೋಬರ್ 2, ಭಾನುವಾರ

ಇಷ್ಟು ವರ್ಷ ಮಲಗಿದ್ದ ಸೆಟ್ಟಿಗೆ ಸೆಲ್ ಹಾಕಿ ಸೀದಾ ಆನ್ ಮಾಡಬಾರದು. ಒಳಗೆಲ್ಲಾದರೂ ಶಾರ್ಟ್ ಇದ್ದರೆ, ಕೆಡದೆ ಉಳಿದದ್ದೂ ಕೆಡುತ್ತದೆ. ಸೈಕಲ್ ಡೈನಮೋದ ಹಿಂದಿನ ದೀಪಕ್ಕೆ ಹಾಕುವ 6 ವೋಲ್ಟಿನ ಪುಟ್ಟ ಬಲ್ಬನ್ನು ಸೆಲ್ಲಿಗೂ ಸೆಟ್ಟಿಗೂ ನಡುವೆ ಸೀರೀಸಿನಲ್ಲಿ ಕಟ್ಟಿದೆ. ರೇಡಿಯೋ ಸರಿಯಿದ್ದರೆ ಅದು ಎಳೆಯುವ ಕರೆಂಟು ಎಷ್ಟು ಕಡಿಮೆ ಅಂದರೆ ಬಲ್ಬು ಹೊತ್ತುವುದೇ ಇಲ್ಲ. ನನ್ನದು ಝಗ್ ಅಂತ ಹೊತ್ತಿಕೊಂಡಿತು. ಅಂದರೆ ಆರೂ ವೋಲ್ಟು ಬಲ್ಬಿಗೇ ಬೀಳುತ್ತಿದೆ, ಒಳಗೆ ಪೂರ್ತಿ ಶಾರ್ಟು.

ಇಂಥ ಕಡೆ ಮೊದಲ ಅನುಮಾನ ಸಪ್ಲೈಗೆ ಅಡ್ಡಲಾಗಿ ಕೂತ 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಮೇಲೆ, ವಿದ್ಯುತ್ತನ್ನು ತುಸು ಕೂಡಿಟ್ಟು ಬಿಡುವ ಬಿಡಿಭಾಗ ಅದು. ಅದರ ಒಂದು ಕಾಲು ಬಿಚ್ಚಿದೆ. ಬಲ್ಬು ಆರಿತು. ಆದರೂ ಸ್ಪೀಕರಿನಿಂದ ಒಂದು ಪಿಸುಮಾತೂ ಇಲ್ಲ. ಉಳಿದ ನಾಲ್ಕು ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸುವುದೇ ಸರಿ ಅಂತ ಅವುಗಳ ಮೇಲಿನ ಮೈಕ್ರೋಫ್ಯಾರಡ್ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಅವುಗಳೊಳಗಿನ ರಸ ಒಣಗಿರುತ್ತದೆ, ನೋಡಲು ಚೆನ್ನಾಗಿದ್ದರೂ ನಂಬುವಂತಿಲ್ಲ. ಮೈಕಾ, ಸೆರಾಮಿಕ್ ಕಂಡೆನ್ಸರುಗಳನ್ನು ಮಾತ್ರ ಮುಟ್ಟಬೇಡಿ, ಅವು ಸಾಮಾನ್ಯವಾಗಿ ಕೆಡುವುದಿಲ್ಲ.

ಅಕ್ಟೋಬರ್ 3, ಸೋಮವಾರ

ಅವತ್ತು ರಜೆ ಹಾಕಿದ್ದೆ. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಐದು ಕಂಡೆನ್ಸರ್, ಒಂದು ಕಾಂಟ್ಯಾಕ್ಟ್ ಕ್ಲೀನರ್, ಅರ್ಧ ಮೀಟರ್ ಬೆಸುಗೆ ತಂತಿ ತಂದೆ. ಹಳೆಯವು 10 ವೋಲ್ಟಿನವು, ಈಗ ಸಿಗುವುದು 25 ವೋಲ್ಟಿನವು. ವೋಲ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ. ಹೊಸವು ಹಳೆಯದರ ಕಾಲು ಭಾಗದಷ್ಟೂ ದಪ್ಪ ಇಲ್ಲ.

ಐಟಿಐನಲ್ಲಿ ನಾನು ಎರಡು ವರ್ಷ ಎಲೆಕ್ಟ್ರಾನಿಕ್ಸ್ ಕಲಿತವಳು. ಆಮೇಲೆ ಲೆಕ್ಕದ ಕೆಲಸಕ್ಕೆ ಬಂದೆ. ಆದರೂ ಕೈ ಮರೆತಿರಲಿಲ್ಲ, ಅದೊಂದು ಸಂತೋಷ. ಕೈಗಿದ್ದ ಅಭ್ಯಾಸವೇ ಒಂದು ಕಡೆ ದಾರಿ ತಪ್ಪಿಸಿತು. ಈಗಿನ ಸರ್ಕ್ಯೂಟುಗಳಲ್ಲಿ ಮೈನಸ್ ನೆಲ, ಅಂದರೆ ಎಲ್ಲ ಭಾಗಗಳೂ ಬಂದು ಸೇರುವ ಕಡೆ (ಗ್ರೌಂಡ್). ಈ ಸೆಟ್ಟಿನಲ್ಲಿರುವುದು ಪಿ.ಎನ್.ಪಿ. ಜರ್ಮೇನಿಯಂ ಟ್ರಾನ್ಸಿಸ್ಟರುಗಳು, ಪ್ಲಸ್ಸೇ ನೆಲ. ಕಂಡೆನ್ಸರಿನ ಪ್ಲಸ್ ಕಾಲು ಷಾಸಿ, ಅಂದರೆ ಒಳಗಿನ ಲೋಹದ ಚೌಕಟ್ಟಿನ ಕಡೆ ಹೋಗಬೇಕು. ನಾಲ್ಕನ್ನು ನೋಡಿ ನೋಡಿ ಸರಿಯಾಗಿ ಹಾಕಿ, ವಾಲ್ಯೂಮಿನಿಂದ ಮುಂದಿನ ಟ್ರಾನ್ಸಿಸ್ಟರಿಗೆ ಹೋಗುವ ಐದನೆಯದನ್ನು ಉಲ್ಟಾ ಹಾಕಿದ್ದೆ. ಅದು ಗೊತ್ತಾದದ್ದು ಹೇಗೆ ಅಂದರೆ, ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಬೆರಳು ತಾಗಿಸಿ ಹಿಡಿದ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಸ್ಪೀಕರಿನಲ್ಲಿ ಗುಂಯ್ ಅನ್ನಬೇಕು. ಅಂದಿತು, ಆದರೆ ಒಡಕಲು ದನಿ. ಉಲ್ಟಾ ಇದ್ದದ್ದನ್ನು ತೆಗೆದು ಸರಿಯಾಗಿ ಹಾಕಿದ ಮೇಲೆ ದನಿ ತುಂಬಿ ಬಂತು, ದೇವಸ್ಥಾನದ ಗಂಟೆ ಬಡಿದ ಮೇಲೆ ಉಳಿಯುತ್ತದಲ್ಲ, ಹಾಗೆ.

ಇದರ ಅರ್ಥ, ವಾಲ್ಯೂಮಿನಿಂದ ಸ್ಪೀಕರಿನ ತನಕ ಎಲ್ಲ ಸರಿ. ಕೊನೆಯ ಎರಡು ಎಸಿ128 ಟ್ರಾನ್ಸಿಸ್ಟರುಗಳ ಮೇಲೆ ಬೆಂಗಳೂರಿನ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್) ಗುರುತು ಇದೆ, ನಲವತ್ತು ವರ್ಷವಾದರೂ ಕೆಟ್ಟಿಲ್ಲ. ವಾಲ್ಯೂಮ್ ಗುಂಡಿಯ ಸಂದಿಗೆ ಕ್ಲೀನರ್ ಹೊಡೆದು ನಲವತ್ತು ಸಲ ತಿರುವಿದೆ, ಕರಕರ ನಿಂತಿತು. ರೋಗ ಇರುವುದು ವಾಲ್ಯೂಮಿಗೂ ಮುಂಚೆ, ಅಲೆ ಹಿಡಿಯುವ ಭಾಗದಲ್ಲಿ. ರಾತ್ರಿ ಹನ್ನೊಂದರ ತನಕ ವೋಲ್ಟೇಜು ಅಳೆದೆ. ಒಂದು ಟ್ರಾನ್ಸಿಸ್ಟರಿನ ಕಲೆಕ್ಟರ್ ಅನ್ನುವ ಕಾಲಿನಲ್ಲಿ ಇರಬೇಕಾದ ವೋಲ್ಟೇಜೇ ಇಲ್ಲ. ಅದಕ್ಕೆ ಹೋಗುವ ರೆಸಿಸ್ಟರ್ ಸರಿಯಿದೆ, ಕಾಯಿಲ್ ಸರಿಯಿದೆ. ಟ್ರಾನ್ಸಿಸ್ಟರೇ ಸತ್ತಿದ್ದರೆ ಅಂಥದ್ದು ಈಗ ಎಲ್ಲಿ ಹುಡುಕುವುದು ಅಂತ ಯೋಚನೆಗೆ ಬಿದ್ದು ಮಲಗಿದೆ.

ಅಕ್ಟೋಬರ್ 4, ಮಂಗಳವಾರ, ಆಯುಧಪೂಜೆ

ಬೆಸುಗೆ ಕಡ್ಡಿ, ಮಲ್ಟಿಮೀಟರ್, ಇಕ್ಕಳ, ಸ್ಕೂಟಿ, ಈಳಿಗೆ ಮಣೆ, ಜೊತೆಗೆ ಬಿಚ್ಚಿಟ್ಟ ರೇಡಿಯೋ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಬಾಗಿಲಲ್ಲಿ ಬೂದುಗುಂಬಳ ಒಡೆದೆವು. ಪೂಜೆಗಿಟ್ಟ ಸಾಮಾನು ಅವತ್ತು ಮುಟ್ಟುವಂತಿಲ್ಲ, ಅದು ಅವ್ವನ ಕಟ್ಟಪ್ಪಣೆ. "ಅವಕ್ಕೂ ಒಂದಿನ ಬಿಡುವು ಬೇಕಲ್ಲೇ" ಅಂದಳು.

ಕೈ ಕಟ್ಟಿದ್ದರಿಂದ ತಲೆ ಓಡಿತು. ಹಿಂದಿನ ರಾತ್ರಿ ಅಳೆದದ್ದನ್ನೆಲ್ಲ ಕ್ಯಾಲೆಂಡರಿನ ಹಿಂದುಗಡೆ ಬರೆದು, ಒಂದೊಂದು ಟ್ರಾನ್ಸಿಸ್ಟರಿನ ಚಿತ್ರ ಹಾಕುತ್ತ ಕೂತೆ. ಆ ವೋಲ್ಟೇಜ್ ಇಲ್ಲದ್ದು ಎಎಫ್117 ಅನ್ನುವ ನಂಬರಿನ ಟ್ರಾನ್ಸಿಸ್ಟರ್. ಅದಕ್ಕೆ ಕಾಲು ಮೂರಲ್ಲ, ನಾಲ್ಕು. ಎಮಿಟರ್, ಬೇಸ್, ಕಲೆಕ್ಟರ್ ಬಿಟ್ಟರೆ ನಾಲ್ಕನೆಯದು ಲೋಹದ ಡಬ್ಬಿಗೆ ಸೇರಿದ ಕಾಲು. ಹೊರಗಿನ ವಿದ್ಯುತ್ ಗದ್ದಲ ಒಳಗೆ ನುಗ್ಗದಿರಲಿ ಅಂತ ಅದನ್ನು ನೆಲಕ್ಕೆ ಕಟ್ಟಿರುತ್ತಾರೆ. ಐಟಿಐನಲ್ಲಿ ನಮ್ಮ ಮೇಷ್ಟ್ರು ಹೇಳಿದ್ದು ಆಗ ನೆನಪಿಗೆ ಬಂತು: ಈ ಜಾತಿಯ ಡಬ್ಬಿಗಳ ಒಳಗೋಡೆಗೆ ತವರದ ಲೇಪ ಇರುತ್ತದೆ. ವರ್ಷಗಳು ಕಳೆದಂತೆ ಆ ತವರ ತಾನೇ ಎಳೆ ಎಳೆಯಾಗಿ ಬೆಳೆಯುತ್ತದೆ, ಕೂದಲಿಗಿಂತ ಎಷ್ಟೋ ಸಣ್ಣಗೆ, ಮೀಸೆಯ ಹಾಗೆ. ಬೆಳೆದು ಬೆಳೆದು ಒಳಗಿನ ಕಲೆಕ್ಟರಿಗೋ ಬೇಸಿಗೋ ತಾಗಿದರೆ ಅದು ಡಬ್ಬಿಯ ಮೂಲಕ ನೆಲಕ್ಕೆ ಶಾರ್ಟು. ಟ್ರಾನ್ಸಿಸ್ಟರ್ ಜೀವಂತ ಇದ್ದರೂ ಬಾಯಿ ಕಟ್ಟಿದಂತೆ.

ಇದ್ದರೂ ಇರಬಹುದು ಅನ್ನಿಸಿ ಮನೆಯೊಳಗೆ ಕೂರಲಾಗಲಿಲ್ಲ. ಸಂಜೆ ಕುಂದವಾಡ ಕೆರೆ ಸುತ್ತ ಎರಡು ಸುತ್ತು ನಡೆದು ಬಂದೆ. ಕೆರೆ ತುಂಬಿ ನಿಂತಿತ್ತು.

ಅಕ್ಟೋಬರ್ 5, ಬುಧವಾರ, ವಿಜಯದಶಮಿ

ಹೋಳಿಗೆ ಊಟ ಮುಗಿಸಿ ಕೂತೆ. ಮಲ್ಟಿಮೀಟರನ್ನು ಬೀಪ್ ಮಾಡುವ ಕಡೆ ಇಟ್ಟು, ಒಂದು ಮೊನೆ ಎಎಫ್117ರ ನಾಲ್ಕನೇ ಕಾಲಿಗೆ, ಇನ್ನೊಂದು ಕಲೆಕ್ಟರಿಗೆ ತಾಗಿಸಿದೆ. ಬೀಪ್. ಇರಬಾರದ ಸಂಬಂಧ ಇದೆ. ಪಕ್ಕದ ಇನ್ನೊಂದು ಎಎಫ್117ನ್ನೂ ನೋಡಿದೆ, ಅಲ್ಲಿ ಬೇಸಿಗೆ ಬೀಪ್. ಎರಡಕ್ಕೂ ಅದೇ ಕಾಯಿಲೆ.

ಮದ್ದು ಬಹಳ ಸುಲಭ. ಆ ನಾಲ್ಕನೇ ಕಾಲನ್ನು ಕತ್ತರಿಸಿಬಿಡುವುದು. ಮೀಸೆ ಡಬ್ಬಿಗೆ ತಾಗಿಕೊಂಡೇ ಇರಲಿ, ಡಬ್ಬಿ ನೆಲಕ್ಕೆ ಸೇರದಿದ್ದರೆ ಶಾರ್ಟು ಆಗುವುದಿಲ್ಲ. ಆದರೆ ಯಾವ ಕಾಲು ಅಂತ ಮೂರು ಸಲ ನೋಡಬೇಕು. ಕೆಳಗಿನಿಂದ ನೋಡಿದರೆ ಒಂದು ಕಾಲು ಉಳಿದ ಮೂರರಿಂದ ಸ್ವಲ್ಪ ದೂರ ನಿಂತಿರುತ್ತದೆ, ಅದು ಕಲೆಕ್ಟರ್. ಅದಕ್ಕೆ ಹತ್ತಿರದ್ದೇ ಡಬ್ಬಿಯ ಕಾಲು. ಅವ್ವನ ಕನ್ನಡಕ ಇಸಕೊಂಡು, ಟಾರ್ಚ್ ಹಿಡಿಸಿ, ಸಣ್ಣ ಕಟ್ಟರನ್ನು ಆ ಕಾಲಿನ ಬುಡಕ್ಕೆ ತೂರಿಸಿ ಒತ್ತಿದೆ. ಟಿಕ್. ಇನ್ನೊಂದಕ್ಕೂ ಟಿಕ್. ಇಷ್ಟು ಸಣ್ಣ ಸದ್ದಿಗೆ ಅಷ್ಟು ಹೊತ್ತು ಉಸಿರು ಹಿಡಿದಿದ್ದೆ.

ಸೆಲ್ ಕೊಟ್ಟೆ. ಬಲ್ಬು ಹೊತ್ತಲಿಲ್ಲ. ವಾಲ್ಯೂಮ್ ಏರಿಸಿದೆ. ಬಂತು, ಭೋರ್ ಅಂತ, ಕೋಡಿ ಬಿದ್ದ ನೀರಿನ ಹಾಗೆ. ಯಾವ ಸ್ಟೇಷನ್ನೂ ಇಲ್ಲದ ಕಡೆ ಜೀವ ಇರುವ ರೇಡಿಯೋ ಮಾಡುವ ಸದ್ದು ಅದು. ಮುಳ್ಳೂ ಇಲ್ಲ, ದಾರವೂ ಇಲ್ಲ, ಹಾಗಾಗಿ ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರಿನ ದೊಡ್ಡ ಗಾಲಿಗೇ ಬೆರಳಿಟ್ಟು ನಿಧಾನ ತಿರುಗಿಸಿದೆ. ಸದ್ದಿನ ಮಧ್ಯೆ ಒಂದು ಕಡೆ ಸದ್ದು ತಗ್ಗಿತು, ಆ ತಗ್ಗಿನೊಳಗಿಂದ ಒಬ್ಬರು ಮಾತಾಡುತ್ತಿದ್ದರು. ಮೈಸೂರಿನ ಜಂಬೂಸವಾರಿಯ ವೀಕ್ಷಕ ವಿವರಣೆ. ಹಿಂದಿನ ಎರಡು ವರ್ಷ ಕೋವಿಡ್ಡಿನಿಂದಾಗಿ ಮೆರವಣಿಗೆ ಅರಮನೆ ಆವರಣದೊಳಗೇ ಮುಗಿದಿತ್ತು, ಈ ಸಲ ಬೀದಿಗೆ ಬಂದಿತ್ತು. ಅಭಿಮನ್ಯು ಅಂಬಾರಿ ಹೊತ್ತು ನಡೆಯುತ್ತಿದ್ದ. ಹಿಂದೆ ಜನರ ಸದ್ದು, ವಾದ್ಯ, ಅದರ ಮೇಲೆ ಆ ಕನ್ನಡ.

ಅವ್ವ ಅಡುಗೆಮನೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಏನೂ ಅನ್ನಲಿಲ್ಲ. ಟಿವಿಯಲ್ಲಿ ಅದೇ ಮೆರವಣಿಗೆ ಬರುತ್ತಿತ್ತು, ಹೋಗಿ ಅದರ ದನಿ ತೆಗೆದು ಬಂದು ಮತ್ತೆ ಅಲ್ಲೇ ನಿಂತಳು.

ದಾರ

ಗುರುವಾರದ ಟೀ ಹೊತ್ತಿಗೆ ಕೆಲಸ ಇಲ್ಲಿಗೆ ನಿಂತಿತ್ತು. ಬೆರಳಲ್ಲಿ ಗಾಲಿ ತಿರುಗಿಸಿ ಕೇಳಬಹುದು, ಆದರೆ ಹಿಂಬದಿ ಮುಚ್ಚುವಂತಿಲ್ಲ, ಅವ್ವ ತಾನಾಗಿ ಹಚ್ಚಿಕೊಳ್ಳುವಂತಿಲ್ಲ. ಬುಧವಾರ ರಾತ್ರಿ ಮೀನು ಹಿಡಿಯುವ ನೈಲಾನ್ ದಾರ ಹಾಕಿ ನೋಡಿದ್ದೆ, ಗುಂಡಿಯ ಕಡ್ಡಿ ತಿರುಗುತ್ತದೆ, ದಾರ ಜಾರುತ್ತದೆ. ಹೊಲಿಗೆ ದಾರ ಹಿಡಿಯಿತು, ನಾಲ್ಕನೇ ಸಲಕ್ಕೆ ತುಂಡಾಯಿತು. ಈ ದಾರ ಹಿಗ್ಗಬಾರದು, ಜಾರಬಾರದು, ತೆಳ್ಳಗಿರಬೇಕು. ಇಷ್ಟನ್ನು ನಾನು ಟೇಬಲ್ಲಿನಲ್ಲಿ ಹೇಳುವಾಗ ಮೊಳಕಾಲ್ಮೂರಿನ ಮೇಡಂ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ಕೇಳಿದರು, "ರೇಷ್ಮೆ ಆಗಬಹುದಾ?"

ಶನಿವಾರ ಅವರ ಅಣ್ಣನ ಮಗ ದಾವಣಗೆರೆಗೆ ಬರುವವನಿದ್ದ. ಅವನ ಕೈಲಿ ಒಂದು ಸಣ್ಣ ಲಡಿ ಬಂತು. ಬಣ್ಣ ಹಾಕದ ಹಾಸು ನೂಲು, ಎಂಟೆಳೆ ಸೇರಿಸಿ ಅತ್ತಿಗೆ ತಾವೇ ಹುರಿ ಹಾಕಿ ಕೊಟ್ಟದ್ದು. ಮೊಳಕಾಲ್ಮೂರು ಸೀರೆಗೆ ಹೋಗುವ ನೂಲು. ಎರಡು ಕೈಯಲ್ಲಿ ಹಿಡಿದು ಎಳೆದರೆ ಬೆರಳಿಗೆ ಕುಯ್ಯುತ್ತಿತ್ತು, ಹರಿಯಲಿಲ್ಲ. ದುಡ್ಡು ಕೇಳಿದ್ದಕ್ಕೆ ಮೇಡಂ ಬೇಜಾರು ಮಾಡಿಕೊಂಡರು.

ಅಕ್ಟೋಬರ್ 9, ಭಾನುವಾರ, ಸೀಗೆ ಹುಣ್ಣಿಮೆ

ನೂಲನ್ನು ಬೆಸುಗೆಗೆ ಬಳಸುವ ರಾಳದ ತುಂಡಿನ ಮೇಲೆ ಎರಡು ಸಲ ಎಳೆದೆ. ಜಾರುವುದು ಇದರಿಂದ ನಿಲ್ಲುತ್ತದೆ. ಮೇಣ ಸವರಬೇಡಿ, ಅದು ಉಲ್ಟಾ ಕೆಲಸ ಮಾಡುತ್ತದೆ. ದಾರಿ ಗೊತ್ತಿಲ್ಲದ್ದರಿಂದ ಗಾಲಿಗಳ ತೋಡಿನಲ್ಲಿ ಹಳೇ ದಾರ ಸವೆಸಿದ್ದ ಗುರುತು ನೋಡಿ ಅಂದಾಜು ಮಾಡಿದೆ. ದೊಡ್ಡ ಗಾಲಿಯೊಳಗಿನ ಸ್ಪ್ರಿಂಗಿಗೆ ಒಂದು ತುದಿ, ಅಲ್ಲಿಂದ ಮೇಲಿನ ಎರಡು ಪುಟ್ಟ ಗಾಲಿ ದಾಟಿ ಡೈಲಿನ ಹಿಂದೆ ಅಡ್ಡ ಓಡಿ, ಕೆಳಗಿಳಿದು ಗುಂಡಿಯ ಕಡ್ಡಿಗೆ ಮೂರು ಸುತ್ತು, ಮತ್ತೆ ದೊಡ್ಡ ಗಾಲಿಗೆ. ಗಂಟು ಹಾಕುವಾಗ ಅವ್ವ ಇಕ್ಕಳದಲ್ಲಿ ಸ್ಪ್ರಿಂಗ್ ಎಳೆದು ಹಿಡಿದಳು.

ಗುಂಡಿ ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಹೋಯಿತು. ಕಡ್ಡಿಯ ಮೇಲಿನ ಸುತ್ತು ತಿರುವುಮುರುವಾಗಿತ್ತು. ಮಧ್ಯಾಹ್ನ ಹೋಯಿತು ಅಂದೆನಲ್ಲ, ಇದಕ್ಕೇ. ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆವು. ಮೂರನೇ ಸಲಕ್ಕೆ ಗುಂಡಿ ಹೋದ ಕಡೆಗೇ ಮುಳ್ಳು ಹೋಯಿತು, ತಡವರಿಸದೆ, ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ.

ಆಮೇಲಿನದು ಮುಳ್ಳನ್ನು ದಾರದ ಮೇಲೆ ಅದರ ಜಾಗಕ್ಕೆ ಕೂರಿಸುವುದು. ಮುಳ್ಳು ದಾರಕ್ಕೆ ಒಂದು ಸಣ್ಣ ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿರುತ್ತದೆ, ಎಲ್ಲಿ ಬೇಕಾದರೂ ಸರಿಸಬಹುದು. ಸರಿಯಾದ ಜಾಗ ಯಾವುದು ಅಂತ ಹೇಳಲು ಬೇರೆ ಯಂತ್ರ ಬೇಕಿಲ್ಲ, ಆಕಾಶವಾಣಿಯೇ ಸಾಕು. ಬೆಂಗಳೂರು 612 ಕಿಲೋಹರ್ಟ್ಸ್, ಭದ್ರಾವತಿ 675, ಧಾರವಾಡ 765. ಈ ಮೂರೂ ನಮ್ಮೂರಿಗೆ ಹಗಲಲ್ಲೇ ಕೇಳುತ್ತವೆ. ಮೂರನ್ನೂ ಒಂದೊಂದಾಗಿ ಹಿಡಿದು ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಮೂರೂ ಗುರುತು ಒಂದೇ ಅಳತೆ ಬಲಕ್ಕೆ ಸರಿದಿದ್ದವು, ಬೆಂಕಿಕಡ್ಡಿಯ ದಪ್ಪದಷ್ಟು. ಅಂದರೆ ಒಳಗಿನ ಕಾಯಿಲುಗಳು ತಮ್ಮ ಜಾಗದಲ್ಲೇ ಇವೆ, ತಪ್ಪಿದ್ದು ಮುಳ್ಳು ಮಾತ್ರ. ಹೀಗಿದ್ದಾಗ ಕಾಯಿಲಿನೊಳಗಿನ ತಿರುಪು ಮುಟ್ಟಲೇಬಾರದು. ಮುಟ್ಟಿದರೆ ಒಂದು ಸರಿಮಾಡಲು ಹೋಗಿ ಹತ್ತು ಕೆಡುತ್ತದೆ.

ಸಂಜೆ ಆಗಿತ್ತು. ಭದ್ರಾವತಿ ಹಿಡಿದೆ, ಆದರೆ ದನಿಯ ಹಿಂದೆ ಒಂದು ಗರಗರ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರುಗಳು ಮೀಡಿಯಂ ವೇವಿಗೆ ತುಂಬುವ ಕಸ ಅದು. ಚಾರ್ಜರ್ ಕಿತ್ತೆ, ಅರ್ಧ ಹೋಯಿತು. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಗೆ ದಿಕ್ಕು ಇರುತ್ತದೆ, ಸ್ಟೇಷನ್ ಇರುವ ಕಡೆಗೆ ಅದು ಅಡ್ಡಲಾಗಿ ನಿಂತರೆ ಚೆನ್ನಾಗಿ ಹಿಡಿಯುತ್ತದೆ. ಭದ್ರಾವತಿ ನಮಗೆ ದಕ್ಷಿಣಕ್ಕೆ, ತುಸು ಪಡುವಣಕ್ಕೆ. ರೇಡಿಯೋವನ್ನು ಮೇಜಿನ ಮೇಲೆ ಒಂದಿಷ್ಟು ತಿರುಗಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಬೀದಿ ಕತ್ತಲು, ಗರಗರ ಪೂರ್ತಿ ನಿಂತು ದನಿಯೊಂದೇ ಉಳಿಯಿತು, ಅಷ್ಟು ಹತ್ತಿರ, ಅಷ್ಟು ಸ್ವಚ್ಛ. ಹುಣ್ಣಿಮೆ ಬೆಳಕು ಕಿಟಕಿಯಲ್ಲಿ ಬಿದ್ದಿತ್ತು.

ಟಾರ್ಚ್ ಬೆಳಕಿನಲ್ಲಿ ಚಿಮಟಿಗೆಯಿಂದ ಕ್ಲಿಪ್ಪನ್ನು ಕೂದಲು ಕೂದಲಷ್ಟೇ ಸರಿಸಿ ಮುಳ್ಳನ್ನು ಅಪ್ಪನ ಗೆರೆಯ ಮೇಲೆ ತಂದೆ. "ಸರಿ ಆಯ್ತಾ ನೋಡು" ಅಂದೆ.

ಅವ್ವ ಬಗ್ಗಿ ನೋಡಿದಳು. "ನಿಮ್ಮಪ್ಪ ಗೆರೆ ಮೇಲೆ ಇಡ್ತಿರಲಿಲ್ಲ. ಗೆರೆಗೆ ತಾಗಿಸಿ ಎಡಕ್ಕಿಡ್ತಿದ್ದರು, ಗೆರೆ ಕಾಣಬೇಕು ಅಂತ" ಅಂದಳು.

ಅಷ್ಟೇ ಎಡಕ್ಕೆ ಸರಿಸಿ, ಕ್ಲಿಪ್ಪಿನ ಮೇಲೆ ಒಂದು ಹನಿ ಉಗುರು ಬಣ್ಣ ಬಿಟ್ಟು ಕೂರಿಸಿದೆ. ಒಣಗಿದ ಮೇಲೆ ಅವ್ವ ತಾನೇ ಗುಂಡಿ ಹಿಡಿದು ಧಾರವಾಡದ ತನಕ ಹೋಗಿ ವಾಪಸ್ ಭದ್ರಾವತಿಗೆ ಬಂದು ನಿಲ್ಲಿಸಿದಳು.

ಎರಡನೇ ಶಾರ್ಟ್ ವೇವ್ ಇನ್ನೂ ಮೂಕ. ಬ್ಯಾಂಡ್ ಸ್ವಿಚ್ಚಿನ ಒಂದು ಎಲೆ ಸವೆದಿದೆ ಅನ್ನಿಸುತ್ತದೆ, ದೀಪಾವಳಿಗೆ ನೋಡಬೇಕು.

ಸೋಮವಾರ ಕಚೇರಿಗೆ ಹೋದರೆ ನನ್ನ ಕುರ್ಚಿಯ ಮೇಲೆ ಮೆಕ್ಕೆಜೋಳದ ಚೀಲವೊಂದನ್ನು ಸುತ್ತಿ ಇಟ್ಟಿತ್ತು. ಡಿಸ್ಪ್ಯಾಚಿನ ಅಕ್ಕ ದೂರದಿಂದಲೇ, "ನಮ್ಮ ಮಾವನವರದವ್ವಾ, ಹೊಲದಾಗೆ ಕೃಷಿರಂಗ ಕೇಳ್ತಿದ್ರು" ಅಂದರು. ಚೀಲ ಬಿಚ್ಚಿದೆ. ಚರ್ಮದ ಕವಚದ ಪುಟ್ಟ ಟ್ರಾನ್ಸಿಸ್ಟರ್. ಸೆಲ್ ಡಬ್ಬಿಯಿಂದ ನಾಲ್ಕು ಜೋಳದ ಕಾಳು ಉದುರಿದವು. ಹುಡುಗ ಬಂದು ಗುಂಡಿಗೆ ಕೈ ಹಾಕಲು ಹೋದ, ಅವನ ಕೈ ಹಿಡಿದು ನಿಲ್ಲಿಸಿ, ಹಿಂಬದಿ ಮುಚ್ಚಳ ತೆಗೆದು, ಮೊದಲು ದಾರದ ಫೋಟೋ ತೆಗೆಸಿದೆ.